ನಾಲ್ಕನೇ ಮುದ್ದೆ

ಹಿರಿಯೂರು ಸೀಮೆಯ ಒಂದು ಠಾಣೆಯ ಲಾಕಪ್ಪಿಗೆ ಊಟ ಕೊಡುವ ಗುತ್ತಿಗೆ ಸಣ್ಣತಿಮ್ಮಪ್ಪನ ಹೆಸರಿನಲ್ಲಿತ್ತು. ರಾಗಿ ಬೀಸುವುದು, ಹುರುಳಿಕಾಳು ಬೇಯಿಸುವುದು, ಮುದ್ದೆ ತಿರುವುವುದು, ವಾಪಸು ಬಂದ ತಟ್ಟೆಗಳನ್ನು ಬೂದಿ ಹಾಕಿ ಬೆಳಗುವುದು ಅವನ ಹೆಂಡತಿ ಹನುಮಮ್ಮನ ಪಾಲಿಗೆ. ಸಣ್ಣತಿಮ್ಮಪ್ಪ ವರ್ಷಕ್ಕೊಮ್ಮೆ ರುಜು ಹಾಕುತ್ತಿದ್ದ. ಮನೆ ನಡೆಯುತ್ತಿದ್ದುದು ಆ ಗುತ್ತಿಗೆಯಿಂದಲೇ.

ಹನುಮಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಒಂದು ಕಾನೂನು ಅವಳಿಗೆ ಒಲೆಯ ಮುಂದೆಯೇ ತಿಳಿದಿತ್ತು. ಹಿಡಿದು ತಂದವರು ಅವಳ ಕೈಯ ಎರಡು ಮುದ್ದೆ ತಿನ್ನುತ್ತಿದ್ದರು, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರನೆಯದರೊಳಗೆ ಅವರನ್ನು ಹಿರಿಯೂರಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. "ಇಪ್ಪತ್ನಾಲ್ಕು ಗಂಟೆ ಮೀರಂಗಿಲ್ಲ ಹನುಮಕ್ಕ," ಎಂದು ಊಟ ಒಯ್ಯಲು ಬರುವ ಪೇದೆ ಬೋರಣ್ಣನೇ ಎಂದೋ ಹೇಳಿದ್ದ.

೧೯೭೧ರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಅದರ ಮೊದಲ ಸೋಮವಾರ ಬೋರಣ್ಣ ಎರಡು ಹೊತ್ತೂ ಒಂದೊಂದು ಮುದ್ದೆ ಒಯ್ದ. ಮಂಗಳವಾರವೂ ಎರಡು ಹೊತ್ತು ಒಯ್ದ. ಬೇರೆ ಬೇರೆಯವರಿರಬಹುದು ಅಂದುಕೊಳ್ಳಲು ತಟ್ಟೆಗಳು ಬಿಡಲಿಲ್ಲ. ಪ್ರತಿ ಸಲವೂ ಸಾರು ನೆಕ್ಕಿದಂತೆ ಖಾಲಿ, ಹುರುಳಿಕಾಳು ಮಾತ್ರ ಅಂಚಿನಲ್ಲಿ ಗುಡ್ಡೆ.

"ಯಾರಪ್ಪ ಅದು?"

"ಯುದ್ಧದ ಕಾಲ ಅಕ್ಕ. ಅವೆಲ್ಲ ಕೇಳಬ್ಯಾಡ."

ಬುಧವಾರ ಬೆಳಿಗ್ಗೆ ಜವನಗೊಂಡನಹಳ್ಳಿ ಕಡೆಯ ಹಟ್ಟಿಯಿಂದ ಪಾಲಮ್ಮ ಎಂಬವಳು ಹಿತ್ತಲ ಬಾಗಿಲಿಗೆ ಬಂದಳು. ಅವಳ ಗಂಡ ಯತ್ತಪ್ಪ ಕುರಿ ಕಾಯುವವ.

"ಸೋಮವಾರ ಬೆಳಗ್ಗೆ ನಮ್ಮೋರು ಸೇತುವೆ ಕೆಳಗೆ ಕುಂತು ಹರಳು ಇಟ್ಟು ಕುರಿ ಎಣಿಸ್ತಿದ್ರು ಕಣಕ್ಕ. ಮೇಲೆ ಮಿಲಿಟ್ರಿ ಲಾರಿ ಹೋಗ್ತಿದ್ವು. ಲಾರಿ ಎಣಿಸ್ತೀಯೇನಲೇ ಅಂತ ಪೊಲೀಸ್ರು ಜೀಪಿಗೆ ಹಾಕ್ಕಂಡ್ರು. ಬುತ್ತಿ ತರ್ತಿದ್ದೆ, ದೂರದಿಂದ ನೋಡ್ದೆ. ಠಾಣೇಲಿ ಕೇಳಿದ್ರೆ ಅಂಥೋನೇ ಇಲ್ಲ ಅಂತಾರೆ. ಒಳಗಿರೋರಿಗೆ ಊಟ ಮಾಡೋಳು ನೀನಂತಲ್ಲ."

"ನಿನ್ನ ಗಂಡಗೆ ಹಲ್ಲು ಅವೇನೆ?"

"ಮುಂದಿನವು ಎರಡು ಅವೆ. ಯಾಕಕ್ಕ?"

ಹನುಮಮ್ಮ ಎದ್ದು ಮುದ್ದೆಕೋಲನ್ನು ಸಣ್ಣತಿಮ್ಮಪ್ಪನ ಕೈಗಿಟ್ಟಳು. "ಮಧ್ಯಾಹ್ನದ್ದು ನೀವು ತಿರುವ್ರಿ. ನಾನು ಕೋರ್ಟಿಗೆ ಹೋಗ್ತೀನಿ."

"ಗುತ್ತಿಗೆ ಹೋಗ್ತೈತೆ ಕಣೇ!"

"ಹೆಸರು ನಿಮ್ದು. ಮುದ್ದೇನೂ ಒಂದಿನ ನಿಮ್ದೇ ಆಗ್ಲಿ."

ಬಸ್ಸಿನಲ್ಲಿ ಇಡೀ ದಾರಿ ಅವಳಿಗೂ ಅದೇ ಭಯ. ಮಗ್ಗುಲಲ್ಲಿ ಪಾಲಮ್ಮ ಇದ್ದುದರಿಂದ ತೋರಿಸಿಕೊಳ್ಳಲಿಲ್ಲ.

ಪಾಲಮ್ಮ ಮ್ಯಾಜಿಸ್ಟ್ರೇಟರಿಗೆ ಗಂಡನನ್ನು ಹಿಡಿದೊಯ್ದುದನ್ನು ಹೇಳಿದಳು. ಕೋರ್ಟಿನಲ್ಲಿದ್ದ ಆ ಠಾಣೆಯ ದಫೇದಾರ, ಅಂಥ ಆಸಾಮಿಯೇ ತಮ್ಮಲ್ಲಿಲ್ಲ ಎಂದ. ಮ್ಯಾಜಿಸ್ಟ್ರೇಟರು ಹನುಮಮ್ಮನ ಕಡೆ ತಿರುಗಿದರು.

"ನೀನು ಅವನನ್ನು ನೋಡಿದೆಯಾ?"

"ನೋಡಿಲ್ಲ ಸ್ವಾಮಿ. ನಾಲ್ಕು ಮುದ್ದೆ ತಿಂದಾನೆ."

ಹಿಂದೆ ಯಾರೋ ನಕ್ಕರು.

"ತಿಂದವನು ಒಬ್ಬನೇ ಅಂತ ಹೇಗೆ ಹೇಳ್ತೀಯ?"

"ತಟ್ಟೆ ತೊಳೆಯೋಳು ನಾನಲ್ವಾ? ನಾಲ್ಕು ಸಲಾನೂ ಕಾಳು ಅಂಚಿಗೆ ದಬ್ಬಾನೆ. ಅಗಿಯೋ ಹಲ್ಲಿಲ್ಲದೋನು. ಕರೆಸಿ ಬಾಯಿ ತೆಗೆಸಿ ನೋಡ್ರಿ."

ದಫೇದಾರ ಒಂದು ಹೆಜ್ಜೆ ಮುಂದೆ ಬಂದ. "ಯುದ್ಧ ನಡೀತೈತೆ ಸ್ವಾಮಿ, ಇಂಥೋರನ್ನ ಬಿಟ್ರೆ..."

"ಈಗಷ್ಟೇ ಇಲ್ಲ ಅಂದಿರಿ. ಯುದ್ಧ ಗಡಿಯಲ್ಲಿ ನಡೀತಿದೆ. ಇಪ್ಪತ್ನಾಲ್ಕು ಗಂಟೆಯ ನಿಯಮವನ್ನು ಪುಸ್ತಕದಿಂದ ಯಾರೂ ಕಿತ್ತಿಲ್ಲ. ಅನುಮಾನ ಇದ್ದರೆ ಬರೆದು ತನ್ನಿ. ಆಳನ್ನೂ ತನ್ನಿ."

ಮೂರು ಗಂಟೆಗೆ ಯತ್ತಪ್ಪ ಬಂದ. ಅವನ ಜೊತೆ ಸಾಕ್ಷಿಯೆಂದು ಒಂದು ಚೀಲ ಹರಳೂ ಬಂತು. ಗುಮಾಸ್ತರು ಎಣಿಸಿದರು, ಎಂಬತ್ತೆರಡು. ಕುರಿ ಎಷ್ಟೆಂದು ಪಾಲಮ್ಮನನ್ನು ಕೇಳಿದರು.

"ಎಂಬತ್ತೆರಡು ಸ್ವಾಮಿ. ಅದ್ರಾಗೆ ಒಂದು ಕುಂಟು."

ಮ್ಯಾಜಿಸ್ಟ್ರೇಟರು ಅವನನ್ನು ಅಲ್ಲೇ ಬಿಟ್ಟರು.

ಸಂಜೆ ಮೂವರೂ ಹನುಮಮ್ಮನ ಮನೆಗೆ ಬಂದಾಗ ಬೋರಣ್ಣ ಜಗಲಿಯ ಮೇಲೆ ಹೊಟ್ಟೆ ಹಿಡಿದು ಕುಂತಿದ್ದ. "ಅಕ್ಕ, ಅಣ್ಣನ ಮುದ್ದೆ ತುಂಬ ಗಂಟು. ಇವತ್ತು ಹಿಡಿದು ತಂದ ಕಳ್ಳ ನನ್ನನ್ನ ಚಿತ್ರದುರ್ಗದ ಜೈಲಿಗೇ ಕಳಿಸ್ರಿ ಅಂತಾನೆ. ಠಾಣೆ ಸಾಹೇಬ್ರು ಸಿಟ್ಟಲ್ಲೇ ಅವ್ರೆ, ಆದ್ರೂ ನಾಳೆಯಿಂದ ನೀನೇ ಮಾಡ್ಬೇಕಂತೆ. ಎರಡು ಮುದ್ದೆ ಮೇಲೆ ಯಾರಿಗೂ ಬ್ಯಾಡವಂತೆ."

ಹನುಮಮ್ಮ ಕಾಳು ಬಸಿದು ತಿಳಿಸಾರು ಮಾಡಿ, ಮೆತ್ತನೆಯ ಮುದ್ದೆ ತಿರುವಿ ಯತ್ತಪ್ಪನ ಮುಂದಿಟ್ಟಳು. ಅವನು ಉಂಡ. ಅಂಚಿನಲ್ಲಿ ಏನೂ ಉಳಿಯಲಿಲ್ಲ.

ಮಧ್ಯಾಹ್ನ ತಳ ಹತ್ತಿದ್ದ ಪಾತ್ರೆಯನ್ನು ಅವಳು ಮುಟ್ಟಲಿಲ್ಲ. ಸಣ್ಣತಿಮ್ಮಪ್ಪ ಅದನ್ನು ಹಿತ್ತಲಿಗೆ ಒಯ್ದು ಉಜ್ಜತೊಡಗಿದ. ಪಾಲಮ್ಮನ ಜೊತೆ ಎಲೆ ಅಡಿಕೆ ಹಾಕಿಕೊಂಡು ಕುಂತ ಹನುಮಮ್ಮ, "ಬೂದಿ ಇನ್ನೊಂದು ಹಿಡಿ ಹಾಕ್ಕಳ್ರಿ," ಎಂದು ಕೂಗಿ ಹೇಳಿದಳು.