ದೋಣಿ ಕೋರ್ಟಿನಲ್ಲಿದೆ, ನೀರು ದೋಣಿಯಲ್ಲಿದೆ

ಕಳೆದ ಭಾನುವಾರ ನಾನು ಮೈ ಒರೆಸುವ ಬೈರಾಸು ಮಲೇರಿಯಾ ರೋಗಾಣುವಿನ ಡಿಎನ್‌ಎ ಆಯಿತು. (ಒಗೆದದ್ದೇ, ಹೆದರಬೇಡಿ.)

ಮಾಡಿದವಳು ಅಕ್ಕನ ಮಗಳು ಸುಮನಾ. ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ರಜೆಗೆ ಬೈಂದೂರಿಗೆ ಬಂದಿದ್ದಳು. ಎದುರಿಗೆ ಕೂತು ಕೇಳುತ್ತಿದ್ದವರು ಪಕ್ಕದ ಮನೆಯ ಶೀನಣ್ಣ. ಅವರ ಕೊನೆಯ ತಮ್ಮನ ಹೆಂಡತಿ ಲಲಿತಾ, ಐದು ತಿಂಗಳ ಬಸುರಿ, ಮಲೇರಿಯಾ ಬಂದು ಆಸ್ಪತ್ರೆ ಸೇರಿದ್ದಳು. ಹುಷಾರಾಗುತ್ತಾಳಾ? ಮಗು? ಶೀನಣ್ಣನ ಮುಖ ನೋಡುವಂತಿರಲಿಲ್ಲ.

"ಡಿಎನ್‌ಎ ಅಂದ್ರೆ ಎರಡೆಳೆ ಹಗ್ಗದ ಹಾಂಗೆ. ಈ ರೋಗಾಣಿನ ಕೆಲವು ಜೀನ್ ಹತ್ರ ಒಂದೇ ಎಳೆ ನಾಲ್ಕ್ ಮಡಿಕೆ ಆಯಿ ಗಂಟ್ ಬೀಳತ್ತ್, ಕಾಣಿ" ಎಂದು ಸುಮನಾ ಬೈರಾಸು ಮಡಚಿದಳು.

ಆ ಜೀನ್‌ಗಳದ್ದು ವೇಷ ಬದಲಿಸುವ ಕೆಲಸ. ನಮ್ಮ ಮೈ ಗುರುತು ಹಿಡಿಯುವಷ್ಟರಲ್ಲಿ ರೋಗಾಣು ಹೊಸ ಅಂಗಿ ತೊಟ್ಟಿರುತ್ತದಂತೆ. ಬಸುರಿಯ ಒಡಲಲ್ಲಿ ತಳವೂರಲು ಬೇರೆಯೇ ಅಂಗಿ! ಗಂಟಿಗೂ ವೇಷಕ್ಕೂ ಏನು ನಂಟು ಎಂದು ಹುಡುಕುತ್ತಿದ್ದಾರಂತೆ. (ನಮ್ಮವರಿಗೆ ವೇಷ ಬದಲಿಸಲು ಒಂದು ಎಲೆಕ್ಷನ್ ಸಾಕು.)

"ಅದೆಲ್ಲ ಇರ್ಲಿ ಮಗಾ, ಸೊಳ್ಳೆ ಎಲ್ಲಿಂದ ಬತ್ತ್?" ಎಂದರು ಶೀನಣ್ಣ.

ಸುಮನಾ ಕಿಟಕಿಯತ್ತ ಕೈ ತೋರಿಸಿದಳು. ಅಂಗಳದಾಚೆ ಅವರದೇ ದೋಣಿ. ಅಪ್ಪ ತೀರಿಕೊಂಡ ಮೇಲೆ ನಾಲ್ವರು ಅಣ್ಣತಮ್ಮಂದಿರಿಗೂ ಅದರ ಪಾಲಿನ ತಕರಾರು. ಕೇಸು ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಸೊಳ್ಳೆಗೆ ಮಾತ್ರ ಯಾರೂ ಸ್ಟೇ ತಂದಿಲ್ಲ. ತುಂಬಿದ ಮಳೆನೀರಲ್ಲಿ ಮರಿಗಳು ಆರಾಮಾಗಿ ತೇಲುತ್ತಿದ್ದವು.

"ಹ್ವಾಯ್, ಆ ನೀರ್ ಚೆಲ್ಲೂಕೆ ಎಂತ ದಾಡಿ ನಿಮ್ಗೆ?" ಎಂದೆ.

"ನಾ ಮುಟ್ರೆ ದೋಣಿ ನಂದ್ ಅಂದ ಹಾಂಗ್ ಆತ್ತ್. ಅವ್ರ್ ಬಿಡ್ತ್ರಾ? ಅವ್ರ್ ಮುಟ್ರೆ ನಾ ಬಿಡ್ತ್ನಾ?"

ನನಗೆ ಪಿತ್ತ ನೆತ್ತಿಗೇರಿತು. ಬಕೆಟ್ ಹಿಡಿದು ಹೊರಟೆ. ಶೀನಣ್ಣ ಅಡ್ಡ ಬಂದರು. "ನೀವ್ ಯಾರ ಪರ? ಅದ್ ಹೇಳಿ ಮೊದ್ಲ್."

ಮಂಗಳವಾರ ಪವಾಡ. ವರ್ಷಗಳಿಂದ ಮಾತು ಬಿಟ್ಟಿದ್ದ ನಾಲ್ವರೂ ಒಟ್ಟಿಗೆ ಪಂಚಾಯತಿಗೆ ಹೋಗಿ, ಸೊಳ್ಳೆಗೆ ಹೊಗೆ ಬಿಡಿಸಿ ಎಂದು ಗಲಾಟೆ ಮಾಡಿದರು. ಹೊಗೆಯವರು ಬಂದರು. ದೋಣಿಯೊಂದನ್ನು ಮುಟ್ಟಬೇಡಿ ಎಂದು ನಾಲ್ವರೂ ಕಾವಲು ನಿಂತರು. ಎಂಥ ಒಗ್ಗಟ್ಟು!

ನಿನ್ನೆ ಲಲಿತಾ ಮನೆಗೆ ಬಂದಳು. ಸದ್ಯ, ಮಗುವಿಗೆ ಏನೂ ಆಗಿಲ್ಲ ಎಂದಿದ್ದಾರೆ ಡಾಕ್ಟರು. ರಿಕ್ಷಾದಿಂದ ಇಳಿದವಳು ದೋಣಿಯನ್ನೊಮ್ಮೆ, ಸಾಲಾಗಿ ನಿಂತ ಗಂಡಸರನ್ನೊಮ್ಮೆ ನೋಡಿದಳು.

"ದೋಣಿಗೆ ನಾಲ್ಕ್ ಪಾಲಲ್ದಾ ಭಾವ, ಅದ್ರ ಜ್ವರ ಪೂರಾ ನಂಗೊಬ್ಳಿಗೇ ಎಂತಕ್ಕೆ?"