ಭಾವನ ಫೋನಿನ ಹಟ

ನಮ್ಮ ಭಾವನಿಗೆ ಪತ್ರಿಕಾ ಕಚೇರಿಯಲ್ಲಿ ‘ನಾಳೆಯಪ್ಪ’ ಎಂದು ಅಡ್ಡಹೆಸರಿತ್ತು. ಅವರದು ಪುಟ ಕಟ್ಟುವ ಕೆಲಸ. ಇವತ್ತು ಸಂಜೆ ಕಟ್ಟಿದ ಪುಟದ ನೆತ್ತಿಯ ಮೇಲೆ ನಾಳೆಯ ತಾರೀಖು ಇರಬೇಕು. ಸೇರಿದ ಹೊಸದರಲ್ಲಿ ಒಮ್ಮೆ ಮರೆತು ಅದೇ ದಿನದ ತಾರೀಖು ಹಾಕಿ, ಊರಿಗೆಲ್ಲ ಹಳೇ ಪೇಪರು ಹಂಚಿಸಿ, ಸಂಪಾದಕರಿಂದ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡಿದ್ದರು. ಅಲ್ಲಿಂದಾಚೆ ಮನುಷ್ಯ ನಾಳೆಯಲ್ಲೇ ಬದುಕತೊಡಗಿದರು. ಮನೆಯ ಕ್ಯಾಲೆಂಡರಿನ ಹಾಳೆಯನ್ನೂ ಒಂದು ದಿನ ಮುಂಚೆ ಹರಿಯುತ್ತಿದ್ದರು. ಅದನ್ನು ನಂಬಿ ನಮ್ಮಕ್ಕ ಒಂದು ಮದುವೆಗೆ ಅಡುಗೆಯವರಿಗಿಂತ ಮೊದಲೇ ಹೋಗಿ, ಖಾಲಿ ಕುರ್ಚಿಗಳ ನಡುವೆ ಸಿಂಗರಿಸಿಕೊಂಡು ಕೂತು ಬಂದಳು. ಎಷ್ಟು ಹೇಳಿದರೂ ಭಾವ ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿವೃತ್ತಿಯಾದ ಮೇಲಾದರೂ ಇವತ್ತಿಗೆ ವಾಪಸು ಬರುತ್ತಾರೆ ಅಂದುಕೊಂಡಿದ್ದೆವು, ಅದೂ ಸುಳ್ಳಾಯಿತು.

ಕೆಲವು ವರ್ಷಗಳಿಂದ ಅಕ್ಕನ ಕಿವಿ ಮಂದವಾಗುತ್ತ ಬಂದಿತ್ತು. ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದಳು, ಯಾಕೆಂದು ಗೊತ್ತಿರುತ್ತಿರಲಿಲ್ಲ. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಕಾಡಿ ಬೇಡಿ ಅವಳನ್ನು ಕಿವಿ ಡಾಕ್ಟರ ಬಳಿಗೆ ಕರೆದೊಯ್ದು, ಕಡಲೆಕಾಳಿನಷ್ಟಿದ್ದ ಎರಡು ಶ್ರವಣ ಯಂತ್ರ ತಂದೆವು. ಅದರ ಸದ್ದನ್ನು ಫೋನಿನಿಂದಲೇ ಹೊಂದಿಸಬೇಕು. ಭಾವನ ಫೋನಿಗೆ ಆ್ಯಪ್ ಹಾಕಿದರೆ, ಫೋನಿನ ಸಾಫ್ಟ್‌ವೇರ್ ಹಳೆಯದು, ಮೊದಲು ಅಪ್‌ಡೇಟ್ ಮಾಡಿ ಅಂತು. ಎರಡು ದಿನ ಒದ್ದಾಡಿದರೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಳು:

“ಇವತ್ತು ಸಂಜೆಯೊಳಗೆ ಆದ್ರೆ ಆಯ್ತು. ಇಲ್ದಿದ್ರೆ ವಾಪಸ್ ಕೊಟ್ಬಿಡಿ. ನನಗಿಷ್ಟು ಕೇಳ್ಸಿದ್ದು ಸಾಕು.”

ಅವಳ ಸ್ವಭಾವ ನನಗೆ ಗೊತ್ತು. ಯಂತ್ರದ ಪೆಟ್ಟಿಗೆ ಒಮ್ಮೆ ವಾಪಸಾದರೆ ಇನ್ನು ಜನ್ಮದಲ್ಲಿ ಅವಳು ಆ ಡಾಕ್ಟರ ಮೆಟ್ಟಿಲು ಹತ್ತುವುದಿಲ್ಲ.

ಭಾವ ಊಟದ ಮೇಜಿನ ಮುಂದೆ ಕೂತು ಗುಂಡಿ ಒತ್ತಿದರು. ಚಕ್ರ ತಿರುಗಿತು, ತಿರುಗಿತು, ನಿಂತಿತು. ‘ಅಪ್‌ಡೇಟ್ ಇದೆಯೇ ಎಂದು ಪರಿಶೀಲಿಸಲು ಆಗಲಿಲ್ಲ. ನಂತರ ಪ್ರಯತ್ನಿಸಿ.’

“ನಂತರ ಅಂದ್ರೆ ಯಾವಾಗಂತೆ? ಮುಹೂರ್ತ ಇಡಿಸ್ಬೇಕಾ ಇದಕ್ಕೆ?”

“ಆಫ್ ಮಾಡಿ ಆನ್ ಮಾಡಿ ಭಾವ.”

“ಎರಡು ದಿನದಿಂದ ಅದೇ ಮಾಡ್ತಿದೀನಿ ವಕೀಲಮ್ಮ.” ನಾನು ವಾದ ಮಾಡುತ್ತೇನೆಂದು ಅವರು ನನಗಿಟ್ಟ ಹೆಸರು ಅದು.

ಮತ್ತೆ ಆಫ್, ಮತ್ತೆ ಆನ್, ಮತ್ತೆ ಅದೇ ರಾಗ. ವೈಫೈ ಸರಿಯಿಲ್ಲವೆಂದು ಅದರ ಡಬ್ಬಿಯ ವೈರು ಕಿತ್ತು ಮತ್ತೆ ಸಿಕ್ಕಿಸಿದರು, ಅದರ ತಲೆಗೊಂದು ಏಟನ್ನೂ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜಾಗ ಸಾಲದಿರಬಹುದೆಂದು ಇದ್ದ ಫೋಟೊಗಳನ್ನೆಲ್ಲ ಅಳಿಸಿದರು. ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಫೋನನ್ನು ಮಗುಚಿ ಬೆನ್ನು ನೋಡಿ, “ಇದ್ರ ಆಯಸ್ಸು ಮುಗೀತು ಅಂಕಲ್, ಹೊಸದು ತಗೊಳ್ಳಿ” ಎಂದು ಕೈಗಿತ್ತ. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

“ಏನಂತೆ?”

“ಆಗ್ಲಿಲ್ಲ” ಎಂದರು ಭಾವ.

“ಆಂ?”

“ಆಗ್ಲಿಲ್ಲಾ ಅಂದೇ!” ಪಕ್ಕದ ಮನೆಯ ಕಿಟಕಿ ತೆರೆದು ಯಾರೋ ಇಣುಕಿದರು. ಅಕ್ಕನ ಮುಖ ಇಳಿದುಹೋಯಿತು.

ಅವಳು ಒಳಗೆ ಹೋಗಿ ಯಂತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಮುಚ್ಚಿದಳು. ಕ್ಲಿನಿಕ್ಕಿಗೆ ಫೋನು ಮಾಡಿ ಬರುತ್ತೇವೆಂದು ಹೇಳಲು ಭಾವನ ಕೈಯಿಂದ ಫೋನು ಕಿತ್ತುಕೊಂಡಳು, ಕೇಳಿಸದ ಕಿವಿಯಲ್ಲಿ ಹೇಗೆ ಮಾತಾಡುತ್ತಾಳೋ ದೇವರೇ ಬಲ್ಲ. ಕೋಪದಲ್ಲಿ ಅದೆಲ್ಲ ಹೊಳೆಯುವುದಿಲ್ಲ. ಪರದೆ ನೋಡಿದವಳು ಹಾಗೇ ನಿಂತಳು.

“ರೀ, ಇಲ್ಲೂ ಶುಕ್ರವಾರನಾ?”

ನಾನು ಓಡಿಹೋಗಿ ನೋಡಿದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಶುಕ್ರವಾರ, ನಾಳೆಯ ತಾರೀಖು. ಎರಡು ದಿನದಿಂದ ನಾವಿಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು, ನಮಗೆ ಅಷ್ಟು ರೂಢಿಯಾಗಿತ್ತು!

“ಕೊಂಡ ದಿನಾನೇ ನಾನೇ ಬದಲಾಯಿಸಿದ್ದು” ಎನ್ನುತ್ತ ಭಾವ ಅವಳ ಕೈಯಿಂದ ಫೋನನ್ನು ವಾಪಸು ಇಸಿದುಕೊಂಡರು. “ತಾರೀಖಿಗೂ ಅಪ್‌ಡೇಟಿಗೂ ಏನು ಸಂಬಂಧ?”

“ಅಪ್‌ಡೇಟ್ ಕಳ್ಸೋ ಕಂಪ್ಯೂಟರಿಗೆ ಇವತ್ತು ಗುರುವಾರ ಭಾವ. ನಾಳೆಯಿಂದ ಬಂದು ಬಾಗಿಲು ತಟ್ಟೋರನ್ನ ಅದು ಹೇಗೆ ನಂಬುತ್ತೆ?”

“ಇಷ್ಟು ದಿನ ಫೋನು ನಡೀಲಿಲ್ವಾ?”

“ಬರೀ ಮಾತಾಡೋಕೆ ಇಟ್ಕೊಂಡಿದ್ರಿ, ನಡೀತು. ಕೊಡಿ ಇಲ್ಲಿ.”

ಭಾವ ಕೊಡಲೊಲ್ಲರು. ನಾನು ಕೈ ಚಾಚಿಕೊಂಡು ನಿಂತೇ ಇದ್ದೆ. ಕೊನೆಗೆ ಅವರು ಅಕ್ಕನ ಕೈಯಲ್ಲಿದ್ದ ಪೆಟ್ಟಿಗೆಯ ಕಡೆ ನೋಡಿ, ಸೆಟ್ಟಿಂಗ್ಸ್ ತೆರೆದು, ತಾರೀಖನ್ನು ತಾವೇ ಹಿಂದಕ್ಕೆ ತಂದರು. ಗುಂಡಿ ಒತ್ತಿದರೆ ಚಕ್ರ ಎರಡು ಸುತ್ತು ಹಾಕಿ, ಅಪ್‌ಡೇಟ್ ಇದೆ ಅಂತು. ಎರಡು ದಿನದ ಸಿಟ್ಟಿಗೆ ನನಗೆ ಫೋನನ್ನು ಮುದ್ದಿಸಬೇಕೋ ಗೋಡೆಗೆ ಎಸೆಯಬೇಕೋ ತಿಳಿಯಲಿಲ್ಲ.

ಎಲ್ಲ ಇಳಿದು, ಆ್ಯಪ್ ತೆರೆದುಕೊಂಡಾಗ ಬಿಸಿಲು ಇಳಿಯುತ್ತಿತ್ತು. ಅಕ್ಕನ ಕಿವಿಗೆ ಯಂತ್ರ ಸಿಕ್ಕಿಸಿ ನಾನು ಸದ್ದು ಹೊಂದಿಸಿದೆ. ಭಾವ ಅವಳೆದುರು ಬಂದು ನಿಂತರು.

“ಕೇಳ್ಸತ್ತಾ!”

ಅಕ್ಕ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಳು. “ಅಯ್ಯೋ, ಮೆಲ್ಲಗೆ ರೀ! ಇಲ್ಲೇ ಇದೀನಲ್ಲ.”

“ಸರಿ!” ಮತ್ತೆ ಅದೇ ಕೂಗು. ಭಾವ ಗಂಟಲು ಸರಿಮಾಡಿಕೊಂಡರು. ಇಷ್ಟು ವರ್ಷ ‘ಊಟ ಆಯ್ತಾ’, ‘ಬಾಗಿಲು ಹಾಕು’ ಎಂದು ಕೂಗಿದ್ದು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಕೂಗಿ ಹೇಳಲಾಗದ್ದನ್ನೆಲ್ಲ ಅವರು ಹೇಳುವುದನ್ನೇ ಬಿಟ್ಟಿದ್ದರು. ಅವರು ನನ್ನ ಕಡೆ ತಿರುಗಿ, ಪಿಸುದನಿಯಲ್ಲಿ ಕೇಳಿದರು:

“ಏನು ಮಾತಾಡ್ಲಿ ಇವಳ ಹತ್ರ?”

ಅಕ್ಕನ ಕೈಗಳು ಕಿವಿಯಿಂದ ಕೆಳಗಿಳಿದವು.

“ಏನಾದ್ರೂ ಮಾತಾಡಿ” ಎಂದಳು. “ಈಗ ಅವಳ ಹತ್ರ ಮಾತಾಡಿದ್ರಲ್ಲ, ಆ ದನೀಲಿ.”