ಎಡಕ್ಕೆ ಬಿದ್ದ ಹೂವು

ನನ್ನ ಸೊಸೆ ನಾಗವೇಣಿಯ ಗಡ್ಡೆ ಸಣ್ಣದಾಗಿದೆ! ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದಲೇ ಮೊಮ್ಮಗಳು ಪವಿತ್ರ ಫೋನಿನಲ್ಲಿ ಕೂಗಿದಳು — "ಅಜ್ಜೀ, ಸ್ಕ್ಯಾನ್ ಚಲೋ ಬಂದೈತಿ, ಗಡ್ಡಿ ಕರಗೈತಂತ!" ನಾನು ರಾಯದುರ್ಗದ ನಮ್ಮ ಓಣಿಯಲ್ಲಿ ಒಂದು ಬಾಗಿಲೂ ಬಿಡದೆ ಹೇಳಿಬಂದೆ. ಕೇಳಿದವರಿಗೇ ಮತ್ತೆ ಹೇಳಿದೆ.

ಅದೇ ಬಾಯಿಂದ ಇದನ್ನೂ ಹೇಳಬೇಕು. ನಾಗವೇಣಿ ಆ ಔಷಧಿ ಪ್ರಯೋಗಕ್ಕೆ ಸೇರಿದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ದೇವಿಯ ಹೂವು ಎಡಕ್ಕೆ ಬಿದ್ದಿತ್ತು. ನಾನು ಬಲಕ್ಕೆ ಬಿತ್ತು ಎಂದೆ.

ನಾವು ಜೀನ್ಸ್ ಹೊಲಿಯುವವರು. ಮಗ ತಿಪ್ಪೇಶ ಬಟ್ಟೆ ಕತ್ತರಿಸುತ್ತಾನೆ, ಸೊಸೆ ಮಿಷನ್ ಮೇಲೆ ಕೂರುತ್ತಾಳೆ. ಅವಳ ತವರು ಮಡಕಶಿರಾದ ಆಚೆ, ಅಮರಾಪುರದ ಹತ್ತಿರ. ನಮ್ಮದು ರೊಟ್ಟಿ ತಿನ್ನುವ ಮನೆ, ಅವಳು ಮುದ್ದೆ ಕಟ್ಟಿಕೊಂಡು ಬಂದವಳು. "ಹಲ್ಲು ಯಾಕ ಬೇಕವ್ವಾ ನಿನಗ, ನುಂಗಾಕ ಒಂದು ಗಂಟಲಿದ್ರ ಸಾಕು" ಎಂದು ನಾನು ಕಾಡಿಸುತ್ತಿದ್ದೆ. ಆ ಗಂಟಲಿನ ಕೆಳಗೇ ಒಂದು ದಿನ ಮುದ್ದೆ ನಿಂತಿತು. ಆಮೇಲೆ ಅನ್ನ ನಿಂತಿತು. ಆಮೇಲೆ ಗಂಜಿ ಕೂಡ... ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಕ್ಯಾನ್ಸರ್ ಎಂದರು. ಲಿವರಿಗೂ ಹರಡಿದೆ, ಕೊಯ್ದು ತೆಗೆಯುವ ಹಾಗಿಲ್ಲ ಎಂದರು.

ಆ ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ನಾನು ಸಾಯುವ ತನಕ ನೆನೆಯುತ್ತೇನೆ. ಅಷ್ಟು ಓದಿದ ಮನುಷ್ಯ ನಮ್ಮ ಎದುರು ಸ್ಟೂಲ್ ಎಳೆದುಕೊಂಡು ಕೂತು, ತನಗೆ ಗೊತ್ತಿಲ್ಲ ಎಂದು ಹೇಳಿದ! ಕೆಲವರಿಗೆ ಎರಡು ಔಷಧಿ ಸೇರಿಸಿ ಕೊಡುತ್ತಾರಂತೆ, ಅದು ಮಾಮೂಲಿ. ಇನ್ನು ಕೆಲವರಿಗೆ ಮೂರು. ಯಾವುದು ಮೇಲು ಎಂಬುದನ್ನು ನೋಡುವುದಕ್ಕೇ ಈ ಪ್ರಯೋಗ. ಯಾರಿಗೆ ಯಾವುದು ಎಂದು ಡಾಕ್ಟರೂ ಆರಿಸುವಂತಿಲ್ಲ, ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತದೆ. "ಸೇರೋದು ಬಿಡೋದು ನಿಮ್ಮ ಇಷ್ಟ ಅಮ್ಮ. ಮನೆಯವರು ಹೇಳಿದ್ರು ಅಂತ ಒಪ್ಪಬೇಡಿ" ಎಂದ ನಾಗವೇಣಿಗೆ.

ನಾನು ನಡುವೆ ಬಾಯಿ ಹಾಕಿದೆ. "ಮೂರರದ್ದೇ ಹಾಕ್ರಿ ಸರ್. ಪ್ಯಾಂಟಿಗೆ ಎರಡು ಹೊಲಿಗಿ ಹಾಕಿದ್ರ ಹರೀತೈತಿ, ಮೂರು ಹಾಕಿದ್ರ ನಿಲ್ತೈತಿ."

ಅಲ್ಲಿದ್ದ ಸಿಸ್ಟರ್ ನಕ್ಕಳು. "ಅಜ್ಜಿ, ಅದು ಬಟ್ಟೆ. ಇದು ಮೈ. ಮೂರನೇ ಹೊಲಿಗೆ ಬಟ್ಟೆಯನ್ನೇ ಹರಿದರೆ?"

ನಾಗವೇಣಿ ನಗಲಿಲ್ಲ. "ತವರಿನ ಅಮ್ಮನ್ನ ಕೇಳಿ ಹೇಳ್ತೀನ್ರಿ" ಎಂದಳು. ಅಮ್ಮ ಎಂದರೆ ಅವಳ ತವರೂರಿನ ದೇವಿ. ಡಾಕ್ಟರೂ ನಗಲಿಲ್ಲ. ಕೇಳಿ ಬನ್ನಿ, ಬೇಡ ಅಂದರೂ ಮಾಮೂಲಿ ಔಷಧಿ ಕೊಟ್ಟೇ ಕೊಡುತ್ತೇವೆ ಎಂದ.

ಅವಳಿಗೆ ಬಸ್ಸಿನಲ್ಲಿ ಕೂರುವ ಶಕ್ತಿ ಇರಲಿಲ್ಲ. ನಾನೇ ಹೋದೆ. ಅವಳ ತವರೂರಿನ ಆ ಗುಡಿಯಲ್ಲಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತಾರೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ನಾನು ಕೈಮುಗಿದು ಕೂತೆ. ಎಡಗಡೆಯ ಹೂವು ಜಾರಿತು.

"ಬ್ಯಾಡ ಅಂತವ್ಳೆ ಕಣವ್ವ ಅಮ್ಮ" ಎಂದ ಪೂಜಾರಿ.

ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಮೂರು ಹೊಲಿಗೆಯೇ. ಸಿಸ್ಟರ್ ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಮನೆಗೆ ಬಂದಾಗ ನಾಗವೇಣಿ ಗೋಡೆಗೆ ಒರಗಿ ಕಾಯುತ್ತಿದ್ದಳು. "ಏನಂದ್ಳು ಅತ್ತೀ?" ಎಂದಳು. "ಬಲಕ್ಕ ಕೊಟ್ಳವ್ವಾ" ಎಂದೆ. ಅವಳು ಕಣ್ಣುಮುಚ್ಚಿ ಕೈಮುಗಿದಳು — ದೇವಿಗೆ ಎಂದುಕೊಂಡು, ನನ್ನ ಸುಳ್ಳಿಗೆ.

ಕಂಪ್ಯೂಟರು ಅವಳಿಗೆ ಮೂರರ ಗುಂಪನ್ನೇ ಕೊಟ್ಟಿತು. ನಾನು ಗೆದ್ದೆ ಎಂದುಕೊಂಡೆ.

ಆಮೇಲೆ ನೋಡಿದ್ದು... ಕೂದಲು ಹೋಯಿತು. ತಣ್ಣೀರು ಮುಟ್ಟಿದರೆ ಕೈಗೆ ಮುಳ್ಳು ಚುಚ್ಚಿದಂತೆ. ಎದೆಯೊಳಗೆ ಕೂರಿಸಿದ್ದ ನಳಿಕೆಗೆ ಔಷಧಿಯ ಬಾಟಲಿ ಕಟ್ಟಿ ಕಳಿಸುತ್ತಿದ್ದರು, ಅದು ಮನೆಯಲ್ಲೂ ಹನಿಹನಿಯಾಗಿ ಇಳಿಯುತ್ತಿತ್ತು. ಅದನ್ನು ಸೊಂಟಕ್ಕೆ ತೂಗುಹಾಕಲು ನಾಗವೇಣಿ ಜೀನ್ಸ್ ತುಂಡಿನಲ್ಲಿ ಒಂದು ಚೀಲ ಹೊಲಿದುಕೊಂಡಳು. ಎಂಥ ಚೀಲ! ಸಿಸ್ಟರ್ ನೋಡಿ ಬೆರಗಾಗಿ, ಬೇರೆ ಪೇಶೆಂಟುಗಳಿಗೂ ಬೇಕೆಂದು ಕೇಳಿದಳು. ವಾಂತಿ ಮಾಡಿಕೊಂಡು ಎದ್ದು ಮತ್ತೆ ಮಿಷನ್ ತುಳಿದು ಹೊಲಿದುಕೊಟ್ಟಳು ನನ್ನ ಸೊಸೆ. ಹಾಗೆ ಹೊಲಿಯುವಾಗಲೇ ಒಂದು ದಿನ ಸೂಜಿ ಬೆರಳಿಗೆ ಇಳಿಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಬಟ್ಟೆಯ ಮೇಲಿನ ರಕ್ತ ನೋಡಿ, "ಯಾರದು ಇದು?" ಎಂದಳು. ಬೆರಳ ತುದಿಗಳು ಸತ್ತಿದ್ದವು.

ಪ್ರತಿ ಸಲ ಔಷಧಿ ಏರಿಸುವ ಮೊದಲು ಸಿಸ್ಟರ್ ಕೇಳುತ್ತಿದ್ದಳು — "ಮುಂದುವರಿಸೋಣವಾ ನಾಗವೇಣಮ್ಮಾ? ಸಾಕು ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ." ಎಂಥ ಮರ್ಯಾದೆ ಅದು! ಮೈ ಯಾರದೋ ಅವರನ್ನು ಕೇಳುವುದು. ಪ್ರತಿ ಸಲ ನಾಗವೇಣಿಯದು ಒಂದೇ ಉತ್ತರ, "ಅಮ್ಮ ಹೂಂ ಅಂದಾಳ್ರಿ, ಹಾಕ್ರಿ." ಪಕ್ಕದಲ್ಲಿ ಕೂತ ನಾನು ಆ ಜೀನ್ಸ್ ಚೀಲವನ್ನು ಮಡಚುತ್ತಿದ್ದೆ, ಬಿಚ್ಚುತ್ತಿದ್ದೆ.

ಇವತ್ತು ಸಂಜೆ ಎಲ್ಲರೂ ಮನೆಗೆ ಬಂದರು. ಗಡ್ಡೆ ಪೂರ್ತಿ ಹೋಗಿಲ್ಲ, ಹಿಡಿತಕ್ಕೆ ಬಂದಿದೆ ಎಂದಿದ್ದಾರಂತೆ. ಮೂರು ಔಷಧಿಯಿಂದಲೇ ಹೀಗಾಯಿತಾ ಎಂದು ತಿಪ್ಪೇಶ ಕೇಳಿದರೆ, ಅದನ್ನು ಈಗಲೇ ಹೇಳಲು ಬರುವುದಿಲ್ಲ, ಎಲ್ಲರ ಲೆಕ್ಕವೂ ಮುಗಿಯಬೇಕು ಎಂದನಂತೆ ಡಾಕ್ಟರು. ಇಂಥ ದಿನವೂ ಗೊತ್ತಿಲ್ಲದ್ದನ್ನು ಗೊತ್ತು ಎನ್ನಲಿಲ್ಲ ಆ ಪುಣ್ಯಾತ್ಮ.

ನಾನು ರಾಗಿ ಮುದ್ದೆಗೆ ಎಸರಿಟ್ಟಿದ್ದೆ. ನಾಗವೇಣಿ ಒಲೆಯ ಹತ್ತಿರ ಬಂದು ಕೂತಳು. "ಅತ್ತೀ, ಅಮ್ಮ ಕೊಟ್ಟ ಹೂವು ಸುಳ್ಳಾಗಲಿಲ್ಲ ನೋಡ್ರಿ. ಹೋಗಿ ಸೀರಿ ಉಡಿಸಿ ಬರೋಣು" ಎಂದಳು.

ಇನ್ನು ನನ್ನಿಂದ ಆಗಲಿಲ್ಲ. ಮುದ್ದೆ ತಿರುವುವ ಕೋಲು ಪಾತ್ರೆಯಲ್ಲೇ ಬಿಟ್ಟು ಹೇಳಿಬಿಟ್ಟೆ — "ಎಡಕ್ಕ ಬಿದ್ದಿತ್ತವ್ವಾ. ನಾನು ಸುಳ್ಳು ಹೇಳಿದೆ."

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಎಡಕ್ಕ ಬಿದ್ರೂ ನಾ ಸೇರ್ತಿದ್ದೆನೋ ಏನೋ. ಅದನ್ನ ನಾ ಹೇಳಬೇಕಿತ್ತಲ್ರಿ ಅತ್ತೀ."

ಹೌದು. ಅದನ್ನು ಅವಳು ಹೇಳಬೇಕಿತ್ತು. ಗಡ್ಡೆ ಕರಗಿತು ಎಂಬುದು ನನ್ನ ಸುಳ್ಳಿಗೆ ಉತ್ತರವಲ್ಲ. ಅವಳ ಜೊತೆ ಆ ಗುಡಿಗೆ ಹೋಗುತ್ತೇನೆ, ಅವಳು ಕರೆದರೆ.

ಎಲ್ಲರೂ ಒಟ್ಟಿಗೆ ಕೂತೆವು. ಎಲ್ಲರ ಕಣ್ಣೂ ನಾಗವೇಣಿಯ ಕೈಮೇಲೆ. ಅವಳು ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ನುಂಗಿದಳು. ಇಳಿಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳ ತಟ್ಟೆಯಲ್ಲಿದ್ದ ಸಣ್ಣ ಮುದ್ದೆ ಮುಗಿದಾಗ, ಇನ್ನಷ್ಟು ಹಾಕಲೆಂದು ಅಭ್ಯಾಸದ ಮೇಲೆ ನನ್ನ ಕೈ ಮುಂದೆ ಹೋಯಿತು. ನಿಲ್ಲಿಸಿದೆ.

"ಹಾಕಲೇನವ್ವಾ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಅರ್ಧ ಹಾಕ್ರಿ" ಎಂದಳು.